ನಿರೋಧ್ ಪೆಟ್ಟಿಗೆಯ ಬೀಗಕ್ಕೆ

ಶಹಾಪುರ ತಾಲ್ಲೂಕಿನ ಕಾಲುವೆ ದಂಡೆಯ ನಮ್ಮೂರಿನಲ್ಲಿ, ಆರೋಗ್ಯ ಉಪಕೇಂದ್ರದ ಗೋಡೆಯ ಮೇಲಿನ ನಿರೋಧ್ ಪೆಟ್ಟಿಗೆಯನ್ನು ಕಾಯುವ ಹುದ್ದೆಯಲ್ಲಿದ್ದ ಬೀಗ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತುಕ್ಕು ಹಿಡಿದಿದ್ದರೂ ತಾವು ಕ್ಷೇಮವೆಂದು ನಂಬಿದ್ದೇನೆ. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗಲೆಂದು ಇಟ್ಟ ಪೆಟ್ಟಿಗೆಗೆ, ಮಕ್ಕಳು ಒಳಗಿನದನ್ನು ಒಯ್ದು ಬಲೂನಿನಂತೆ ಫುಗ್ಗ ಊದುತ್ತಾರೆಂಬ ಕಾರಣಕ್ಕೆ, ಊರ ಹಿರಿಯರು ತಮ್ಮನ್ನು ನೇಮಿಸಿದರು. ಭಜನೆ ಮನೆಯ ಕೀಲಿಕೈ ಇರುವ ಮರಿಲಿಂಗಪ್ಪನವರ ಸೊಂಟದ ಉಡದಾರಕ್ಕೇ ತಮ್ಮ ಕೀಲಿಕೈಯೂ ಸೇರಿತು. ಅವರು ದಿನವಿಡೀ ಎದುರಿನ ಬೇವಿನ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕುಳಿತಿರುತ್ತಾರೆ. ಇಂಥ ಭದ್ರತೆ ಕಾಲುವೆಯ ಗೇಟಿಗೂ ಇಲ್ಲ.

ಯಾದಗಿರಿಯಿಂದ ಬಂದ ಅಧಿಕಾರಿಗಳು ತಾವು ತೂಗುತ್ತಿದ್ದ ಗೋಡೆಯ ಕೆಳಗೇ ಹುಡುಗರನ್ನು ಕೂಡಿಸಿ, ಎಚ್‌ಐವಿಯಿಂದ ತನ್ನನ್ನು ತಾನು ಕಾಪಾಡಿಕೊಳ್ಳುವ ಧೈರ್ಯ ಯಾರಿಗುಂಟು ಎಂದು ಕೇಳಿದಾಗ ಎದ್ದ ಕೈಗಳನ್ನು ತಾವೂ ನೋಡಿದ್ದೀರಿ. ನನ್ನ ಮೊಮ್ಮಗ ಪಂಪಣ್ಣನ ಕೈ ಎಲ್ಲರಿಗಿಂತ ಮೇಲಿತ್ತು. ಅಧಿಕಾರಿಗಳು ಸಂತೋಷದಿಂದ ಜೀಪು ಹತ್ತಿದರು.

ಅದೇ ಪಂಪಣ್ಣ, ಭತ್ತ ಕೊಯ್ಯುವ ಮಷಿನ್ನಿನ ಜೊತೆ ಸುಗ್ಗಿ ಮುಗಿಯುವತನಕ ಊರೂರು ತಿರುಗಲು ಹೊರಡುವ ಹಿಂದಿನ ದಿನ, ಕಟ್ಟೆಯ ಮುಂದೆ ನಿಂತು ಕೀಲಿಕೈ ಕೇಳಿದ. "ಯಾಕೊ ಪಂಪ್ಯಾ, ನಿನ್ನ ಮದಿವಿ ಯಾವಾಗಾತೊ? ನಮಗ ಊಟಕ್ಕ ಕರಿಲೇ ಇಲ್ಲಲ್ಲೊ," ಎಂದರು ಮರಿಲಿಂಗಪ್ಪನವರು. ಕಟ್ಟೆ ನಕ್ಕಿತು. ಹುಡುಗ ಬರಿಗೈಲಿ ಮನೆಗೆ ಬಂದು, "ನನಗೇನಾಗ್ತದ ಆಯಿ, ಗಟ್ಟಿ ಅದೀನಿ," ಎಂದು ಚೀಲ ಕಟ್ಟತೊಡಗಿದ. ಹೋದ ವರ್ಷ ಇದೇ ಮಷಿನ್ನಿನ ಹಿಂದೆ ಹೋದ ಅವನ ಗೆಳೆಯನೂ ಗಟ್ಟಿಯೇ ಇದ್ದ. ಈಗ ತಿಂಗಳಿಗೊಮ್ಮೆ ಯಾದಗಿರಿಯಿಂದ ಗುಳಿಗೆ ತರುತ್ತಾನೆ, ತಪ್ಪದೆ ನುಂಗುತ್ತಾನೆ, ಎಲ್ಲರಂತೆ ದುಡಿಯುತ್ತಾನೆ. ಕಟ್ಟೆಯ ಮೇಲೆ ಮಾತ್ರ ಅವನಿಗಾಗಿ ಯಾರೂ ಸರಿದು ಕೂರುವುದಿಲ್ಲ.

ಆಗಲೇ ತಮ್ಮಲ್ಲಿ ಬೇಡಿಕೊಳ್ಳಬೇಕೆನಿಸಿತ್ತು: ಕತ್ತಲಾದ ಮೇಲೆ ತಾವು ಪೆಟ್ಟಿಗೆಯನ್ನು ಹೊತ್ತು ಕಾಲುವೆ ದಂಡೆಗೆ ನಡೆದು ಬಂದು, ಹುಡುಗರು ಕೆಮ್ಮಿದೊಡನೆ ತಾವಾಗಿಯೇ ತೆರೆದುಕೊಳ್ಳಬೇಕು, ಅದಾಗದಿದ್ದರೆ ಮರಿಲಿಂಗಪ್ಪನವರ ಬಾಯಿಗೆ ವರ್ಗವಾಗಿ ಹೋಗಬೇಕು. ಆದರೆ ತಮ್ಮ ಉತ್ತರಕ್ಕೆ ಕಾಯಲು ಹೊತ್ತಿರಲಿಲ್ಲ. ನಾನೇ ಸೆರಗು ಹೊದ್ದು ಕಟ್ಟೆಗೆ ಹೋಗಿ ಮರಿಲಿಂಗಪ್ಪನವರನ್ನು ಕೀಲಿಕೈ ಕೇಳಿದೆ.

"ನಿಮಗ್ಯಾಕ್ರಿ ಅಕ್ಕಾರ ಅದು?"

"ನನಗೇ ಅಂತ ತಿಳ್ಕೊ. ಕೊಡು."

ಈ ಸಲ ಕಟ್ಟೆ ನಗಲಿಲ್ಲ. ಕೀಲಿಕೈ ಕೈಗೆ ಬಂತು. ತೆರೆದು ನೋಡಿದರೆ, ತಮ್ಮ ಕಾವಲಿನಲ್ಲಿ ಒಂದು ಪೊಟ್ಟಣವೂ ಕಳುವಾಗಿರಲಿಲ್ಲ. ಅವುಗಳ ಅವಧಿ ಮಾತ್ರ ಎಂದೋ ಮುಗಿದಿತ್ತು. ಇಷ್ಟು ನಿಷ್ಠೆಯ ನೌಕರರನ್ನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

ಅಂದೇ ಬಸ್ಸು ಹಿಡಿದು ಶಹಾಪುರದ ಔಷಧ ಅಂಗಡಿಯಿಂದ ಹೊಸದನ್ನು ತಂದು, ಪಂಪಣ್ಣನ ಚೀಲದಲ್ಲಿ ರೊಟ್ಟಿ ಗಂಟಿನ ಪಕ್ಕ ಇಟ್ಟೆ. ಅವನು ನನ್ನ ಮುಖ ನೋಡಲಿಲ್ಲ. ತೆಗೆದು ಹೊರಗೂ ಇಡಲಿಲ್ಲ.

ತಮ್ಮ ನಿಷ್ಠೆಗೆ ತಲೆಬಾಗಿದ,
ತಮ್ಮ ವಿಶ್ವಾಸಿ,
ಸಾಯಬಮ್ಮ

ಮರೆತ ಮಾತು: ತಮ್ಮನ್ನು ಮತ್ತೆ ಹುದ್ದೆಗೆ ತೆಗೆದುಕೊಂಡಿಲ್ಲ, ಕ್ಷಮಿಸಿ. ಈ ಪತ್ರವನ್ನು ನನ್ನ ಟ್ರಂಕಿನಲ್ಲಿ, ತಮ್ಮ ಪಕ್ಕದಲ್ಲೇ ಇಡುತ್ತೇನೆ. ಪೆಟ್ಟಿಗೆ ಈಗ ಕಟ್ಟೆಗೆ ಕಾಣದಂತೆ ಹಿಟ್ಟಿನ ಗಿರಣಿಯ ಹಿಂಗೋಡೆಯಲ್ಲಿ ತೆರೆದೇ ಇದೆ. ಉಪಕೇಂದ್ರದ ನರ್ಸಮ್ಮ ತುಂಬಿದ ಹೊಸ ಪೊಟ್ಟಣಗಳು ವಾರ ಕಳೆಯುವುದರೊಳಗೆ ಖಾಲಿಯಾದವು, ಊರಲ್ಲಿ ಒಂದು ಫುಗ್ಗವೂ ಹಾರಲಿಲ್ಲ. ಕೀಲಿಕೈಯನ್ನು ಮರಿಲಿಂಗಪ್ಪನವರಿಗೇ ಹಿಂದಿರುಗಿಸಿದ್ದೇನೆ. ಹಿರಿಯರ ಉಡದಾರಕ್ಕೆ ಏನಾದರೊಂದು ತೂಕ ಬೇಡವೇ?