ಕಾರಿನಡಿಯ ಕುಂಕುಮ

ನಮ್ಮ ದೊಡ್ಡಪ್ಪನ ಬೆರಳು ತಾಗಿದ ಮೇಲೆ ಆರೋಗ್ಯವಾಗಿ ಉಳಿದ ವಸ್ತು ಒಂದಾದರೂ ಇದ್ದರೆ ದಯವಿಟ್ಟು ನನಗೆ ತೋರಿಸಿ. ನಾನಂತೂ ಕಂಡಿಲ್ಲ!

ದೊಡ್ಡಪ್ಪ ಎಂದರೆ ನಮ್ಮ ತಂದೆಯ ಅಣ್ಣ. ಅಮೆರಿಕದ ಷಾರ್ಲೆಟ್‌ನಲ್ಲಿ ನಲವತ್ತು ವರ್ಷ ಎದೆರೋಗದ ಡಾಕ್ಟರಾಗಿದ್ದು ನಿವೃತ್ತರಾದವರು. ಆಸ್ಪತ್ರೆ ಬಿಟ್ಟರು, ಬೆರಳಿನ ಅಭ್ಯಾಸ ಬಿಡಲಿಲ್ಲ. ಎಡಗೈಯನ್ನು ರೋಗಿಯ ಬೆನ್ನಿನ ಮೇಲೆ ಚಪ್ಪಟೆಯಾಗಿಟ್ಟು, ಅದರ ನಡುಬೆರಳನ್ನು ಬಲಗೈ ನಡುಬೆರಳಿನಿಂದ ಟಕ್ ಟಕ್ ಎಂದು ತಟ್ಟಿ, ಒಳಗಿರುವುದು ಗಾಳಿಯೋ ನೀರೋ ಎಂದು ಹೇಳುವ ಹಳೆಯ ಕಾಲದ ವಿದ್ಯೆ ಅದು. ಈಗ ರೋಗಿಗಳಿಲ್ಲವಲ್ಲ, ಸಿಕ್ಕಿದ್ದನ್ನೆಲ್ಲ ತಟ್ಟುತ್ತಾರೆ. ಇಂಡಿಯನ್ ಸ್ಟೋರಿನಲ್ಲಿ ತೆಂಗಿನಕಾಯಿ ತಟ್ಟುವವರನ್ನು ನೀವೂ ನೋಡಿರುತ್ತೀರಿ. ಅಕ್ಕಿ ಮೂಟೆ ತಟ್ಟುವವರನ್ನು ನೋಡಿದ್ದೀರಾ? ಒಮ್ಮೆ ದೀಪಾವಳಿ ಕಾರ್ಯಕ್ರಮದಲ್ಲಿ ನಾಲ್ಕು ಮಾತಾಡಿ ಎಂದು ವೇದಿಕೆಗೆ ಕರೆದರೆ, ಮೈಕಿನತ್ತ ನೋಡದೆ ಸ್ಪೀಕರ್ ಡಬ್ಬ ತಟ್ಟಿ, "ಎಡಗಡೇದು ಸರಿಯಿಲ್ಲ" ಎಂದರು. ಐದು ನಿಮಿಷದಲ್ಲಿ ಎಡಗಡೆಯದು ಗೊರಗೊರ ಎಂದು ನಿಂತೇ ಹೋಯಿತು.

ಅಲ್ಲಿಯವರೆಗೆ ನಕ್ಕೆವು. ಆಮೇಲೊಬ್ಬರ ಗೃಹಪ್ರವೇಶ. ಹೊಸ ಮನೆ, ಹೊಸ ಬಣ್ಣ, ಒಲೆಯ ಮೇಲೆ ಹಾಲು ಇನ್ನೂ ಉಕ್ಕಿಲ್ಲ. ದೊಡ್ಡಪ್ಪ ಗೋಡೆ ತಟ್ಟಿ, ಕಿವಿಯಿಟ್ಟು, "ಇದರೊಳಗೆ ನೀರಿದೆಯಮ್ಮ" ಎಂದರು. ವಾರದೊಳಗೆ ಆ ಗೋಡೆ ಒಡೆಸಿದಾಗ ಒಳಗೆ ಕಪ್ಪು ಬೂಷ್ಟು, ಆಳೆತ್ತರಕ್ಕೆ ಹಬ್ಬಿತ್ತಂತೆ. ಅಂದಿನಿಂದ ಅವರು ಬಂದರೆ ಜನ ತಮ್ಮ ತಮ್ಮ ಗೋಡೆಗಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಇವರು ತಟ್ಟಿ ಕಂಡುಹಿಡಿಯುತ್ತಾರೋ, ಇವರು ತಟ್ಟಿದ್ದಕ್ಕೇ ಕೆಡುತ್ತದೋ ಎಂಬ ಅನುಮಾನ ಎಲ್ಲರಿಗೂ ಇತ್ತು. ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಇಷ್ಟರಲ್ಲಿ ನಾವು ಜಾರ್ಜಿಯಾದ ನಮ್ಮೂರು ಅಲ್ಫರೆಟಾದಲ್ಲಿ ಮಗಳಿಗೊಂದು ಕಾರು ಕೊಂಡೆವು. ಅವಳಿಗೆ ಹದಿನೇಳು ತುಂಬಿತ್ತು, ಲೈಸೆನ್ಸ್ ಬಂದಿತ್ತು. ಯಾರೋ ಒಬ್ಬರು ಓಡಿಸಿದ ಕಾರು, ಕೆರೊಲಿನಾದ ಸಮುದ್ರತೀರದಿಂದ ಬಂದದ್ದು. ಮೈಯೆಲ್ಲ ಫಳಫಳ. ಒಳಗೆ ಐದು ಸುವಾಸನೆಯ ಬಿಲ್ಲೆಗಳು ತೂಗುತ್ತಿದ್ದವು. ಒಂದು ಕಾರಿಗೆ ಐದೇಕೆ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮಾರುವವನು ಮಾತ್ರ ತನ್ನ ಮೆಟ್ಟಿಲ ಮೇಲೆಯೇ ನಿಂತಿದ್ದ, ಕಾರಿನ ಹತ್ತಿರ ಒಮ್ಮೆಯೂ ಬರಲಿಲ್ಲ.

"ಮೆಕ್ಯಾನಿಕ್ ಐದು ಗಂಟೆಗೆ ಬರ್ತಾನೆ ಕಣೇ, ಒಂದ್ಸಲ ಅಡಿಯಲ್ಲಿ ಚೆಕ್ ಮಾಡ್ಲಿ," ಎಂದರು ನಮ್ಮವರು.

"ರೀ, ಭಾನುವಾರ ನಾಲ್ಕೂವರೆಗೆ ರಾಹುಕಾಲ. ನಾಳೆ ಆಯುಧಪೂಜೆ, ಗಾಡಿ ಮನೇಲಿರ್ಬೇಕು. ಅಡಿಯಲ್ಲಿ ಏನಿರತ್ತೆ, ರೋಡ್ ತಾನೆ?"

ನಾಲ್ಕು ಇಪ್ಪತ್ತೈದಕ್ಕೆ ಹೊರಟೆವು. ರಾಹುವಿಗೆ ಹೆದರಿ ಮೆಕ್ಯಾನಿಕ್‌ನನ್ನು ಬಿಟ್ಟು ಬಂದವಳು ಇಡೀ ಜಾರ್ಜಿಯಾದಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಬಾನೆಟ್ಟಿಗೆ ಕುಂಕುಮ, ಹೂವು, ಚಕ್ರಕ್ಕೆ ನಿಂಬೆಹಣ್ಣು ಎಲ್ಲ ಸಾಂಗವಾಗಿ ಆಯಿತು. ಅದರ ಮರುಬೆಳಗ್ಗೆ ಗರಾಜಿಗೆ ಹೋದರೆ ಕಾರಿನಡಿ ನೆಲದ ಮೇಲೆ ಒಂದು ಚಿಟಿಕೆ ಕೆಂಪು ಪುಡಿ. ಪೂಜೆಯ ಕುಂಕುಮ ತುಳಿಯಬಾರದೆಂದು ಬೆರಳಿನಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ನನ್ನ ಹಣೆಗೂ ಮಗಳ ಹಣೆಗೂ ಇಟ್ಟೆ. ಮಾರನೆಯ ದಿನ ಮತ್ತೆ ಇತ್ತು. ಮತ್ತೆ ಇಟ್ಟುಕೊಂಡೆವು. ಎರಡನೆಯ ವಾರದ ಹೊತ್ತಿಗೆ ಅದನ್ನು ಪೊರಕೆಯಿಂದ ಗುಡಿಸಬೇಕಾಯಿತು. ನಾನು ಕುಂಕುಮ ಹಚ್ಚಿದ್ದು ಬಾನೆಟ್ಟಿನ ಮೇಲೆ. ಉದುರುತ್ತಿದ್ದುದು ಕಾರಿನ ಬಾಗಿಲ ಕೆಳಗೆ. ಅದು ತಲೆಗೆ ಬಂದ ದಿನ ಪೊರಕೆ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಇನ್ನೂ ಕೆಲವಿದ್ದವು. ಹೊರಗೆ ಒಣ ಬಿಸಿಲಿದ್ದರೂ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತಿತ್ತು. ಬ್ರೇಕ್ ಹಾಕಿದರೆ ಹಿಂದಿನಿಂದ ಮುಂದಕ್ಕೆ ಏನೋ ಮೆಲ್ಲಗೆ ಹರಿದು ಬಂದು ನಿಲ್ಲುತ್ತಿತ್ತು. ಒಂದು ದಿನ ಸೀಟ್ ಬೆಲ್ಟನ್ನು ಪೂರ್ತಿ ಎಳೆದೆ. ಎಂದೂ ಹೊರಬಾರದ ಅದರ ಕೊನೆಯ ಭಾಗ ತಣ್ಣಗಿತ್ತು. ಅಡ್ಡಲಾಗಿ ಒಂದು ಕಂದು ಗೆರೆ, ಗೆರೆಯುದ್ದಕ್ಕೂ ಸಣ್ಣ ಮರಳು. ಯಾರ ಎದೆಯ ಮೇಲಿತ್ತೋ ಅದು, ನೀರು ಅಲ್ಲಿಯವರೆಗೆ ಬಂದಾಗ?

"ಅಮ್ಮಾ, ಕಾರ್ ಆಫ್ ಮಾಡಿದ ಮೇಲೆ ಯಾರೋ ಬ್ರೀದ್ ಮಾಡೋ ಥರ ಕೇಳ್ಸತ್ತೆ," ಎಂದಳು ಮಗಳು. "ಇಟ್ಸ್ ಕ್ರೀಪಿ."

ಬುದ್ಧಿಯಿರುವವರು ಇಷ್ಟಾದ ಮೇಲೆ ಏನು ಮಾಡುತ್ತಾರೆ? ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ. ನಾನು ಕಾರಿನ ಕನ್ನಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ನಾನೇ ಅವಸರ ಮಾಡಿ ತಂದ ಕಾರು ಕೆಟ್ಟದ್ದೆಂದು ಒಪ್ಪಿಕೊಳ್ಳುವುದಕ್ಕಿಂತ ಅದಕ್ಕೆ ದೃಷ್ಟಿಯಾಗಿದೆ ಎಂದು ನಂಬುವುದು ಸುಲಭವಾಗಿತ್ತು.

ಮಗಳು ಸೋಮವಾರದಿಂದ ಅದರಲ್ಲಿ ಒಬ್ಬಳೇ 400 ಹೈವೇ ಹತ್ತುವುದೆಂದು ನಿಶ್ಚಯವಾಗಿತ್ತು. ಭಾನುವಾರ ಬೆಳಗ್ಗೆ ದೊಡ್ಡಪ್ಪ ಬಂದಿಳಿದರು. ನಾನು ಗರಾಜಿನ ಬಾಗಿಲು ಮುಚ್ಚಿದೆ. ಕಾಫಿ ಕೊಟ್ಟೆ, ಚಕ್ಕುಲಿ ಕೊಟ್ಟೆ (ತಟ್ಟಿ ನೋಡಿ ತಿಂದರು), ಇನ್ನೊಂದು ಕಾಫಿ ಕೊಟ್ಟೆ. ಲೋಟ ತೊಳೆದು ತಿರುಗುವಷ್ಟರಲ್ಲಿ ಕುರ್ಚಿ ಖಾಲಿ. ಗರಾಜಿನಿಂದ ಸದ್ದು ಬರುತ್ತಿತ್ತು, ಟಕ್ ಟಕ್.

ಅವರು ಕಾರಿನ ಪಕ್ಕದಲ್ಲಿ ಮಂಡಿಯೂರಿ ಬಾಗಿಲ ಕೆಳಗಿನ ತಗಡಿನ ಮೇಲೆ ಕೈಯಿಟ್ಟಿದ್ದರು. ಮಗಳು ಹಿಂದೆ ನಿಂತಿದ್ದಳು.

"ತಾತ, ನನ್ನ ಕಾರ್ ಯಾಕೆ ಟ್ಯಾಪ್ ಮಾಡ್ತಿದ್ದೀರ?"

"ಶ್. ಕೇಳಿಸ್ಕೋ."

ಟಣ್, ಟಣ್, ಟಣ್. ಮುಂದಿನದು ಡುಬ್. ಅಲ್ಲಿಂದಾಚೆ ಎಲ್ಲವೂ ಡುಬ್. ಅವರು ಸ್ಕ್ರೂಡ್ರೈವರ್ ಕೇಳಿದರು. ನನಗೆ ಬೇಡ ಎನ್ನಬೇಕೆನ್ನಿಸಿತು, ಆದರೂ ಕೊಟ್ಟೆ. ಹೊಳೆಯುವ ಬಣ್ಣದ ಮೇಲಿಟ್ಟು ಮೆತ್ತಗೆ ಒತ್ತಿದರು. ಅದು ಚಪಾತಿ ಹಿಟ್ಟಿನೊಳಗೆ ಹೋದಂತೆ ಹಿಡಿಯವರೆಗೂ ಹೋಯಿತು. ತೆಗೆದರೆ ಆ ತೂತಿನಿಂದ ಕೆಂಪು ನೀರು ಹರಿಯಿತು, ಸಮುದ್ರದ ವಾಸನೆಯ ನೀರು. ಅದರ ಹಿಂದೆ ಮರಳು, ಆಮೇಲೆ ಅಂಗೈಯಗಲದ ತುಕ್ಕಿನ ಹಕ್ಕಳೆಗಳು. ತಗಡು ಇರಬೇಕಾದ ಕಡೆ ಮೆತ್ತುವ ಲೇಪ ತುಂಬಿ ಬಣ್ಣ ಬಳಿದಿದ್ದರು. ಕಾರು ಸಮುದ್ರದ ನೆರೆಯಲ್ಲಿ ಮುಳುಗಿ ಎದ್ದದ್ದು. ಅಷ್ಟು ದಿನ ನಾವು ಹಣೆಗಿಟ್ಟುಕೊಂಡದ್ದು ಏನೆಂದು ಆಗ ತಿಳಿಯಿತು. ನನ್ನ ಕೈ ತಾನಾಗಿ ಮಗಳ ಹಣೆಯನ್ನು ಒರೆಸಿತು.

ದೊಡ್ಡಪ್ಪ ಇನ್ನೂ ಮೂರು ಕಡೆ ಚುಚ್ಚಿದರು. ಹಿಂದಿನ ಚಕ್ರ ಹಿಡಿದಿದ್ದ ತೊಲೆ ಬೆರಳಿಗೇ ಪುಡಿಯಾಯಿತು.

"ಇದರಲ್ಲಿ ನಾಳೆ ಇವಳು ಹೈವೇಗೆ ಹೋಗ್ತಿದ್ಲಾ?"

"ಹೂಂ ದೊಡ್ಡಪ್ಪ. ನಂದೇ ತಪ್ಪು. ಮೆಕ್ಯಾನಿಕ್ ಬರೋವರೆಗೂ ಕಾಯ್ಲಿಲ್ಲ ನಾನು."

ಬೈಯುತ್ತಾರೆಂದುಕೊಂಡೆ. ಅವರು ಗರಾಜಿನ ಮೆಟ್ಟಿಲ ಮೇಲೆ ಕುಳಿತರು.

"ನಿಮ್ಮ ದೊಡ್ಡಮ್ಮ ಆರು ತಿಂಗಳು ಕೆಮ್ಮಿದ್ಲು," ಎಂದರು. ದೊಡ್ಡಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನವರೆಗೆ ಅವರ ಬಾಯಲ್ಲಿ ಆ ಮಾತು ಬಂದಿರಲಿಲ್ಲ. "ಅಲರ್ಜಿ ಇರ್ಬೇಕು ಅಂದ್ಲು. ಹೌದು ಅಂದೆ. ಊರವರ ಬೆನ್ನೆಲ್ಲ ತಟ್ಟಿದೀನಿ. ಅವಳದು ಒಂದು ದಿನಾನೂ ತಟ್ಟಲಿಲ್ಲ."

ತೂತಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಆ ಬೆರಳುಗಳನ್ನು ನೋಡಿ ಇಷ್ಟು ವರ್ಷ ನಕ್ಕವಳು ನಾನು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮಗಳು ಹೋಗಿ ಅವರ ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಮಾಡಿ ಕುಳಿತಳು. ಕೂದಲನ್ನು ಮುಂದಕ್ಕೆ ತೆಗೆದುಕೊಂಡಳು.

"ತಾತ, ನಂದು ಚೆಕ್ ಮಾಡಿ."

ಅವರು ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಎಡಗೈಯನ್ನು ಅವಳ ಬೆನ್ನಿನ ಮೇಲಿಟ್ಟು ಕಣ್ಣು ಮುಚ್ಚಿ ತಟ್ಟಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಒಂದು ಕಡೆಯನ್ನೂ ಬಿಡದೆ.

"ಗಾಳಿ ಇದೆ ಪುಟ್ಟಿ," ಎಂದರು. "ಬರೀ ಗಾಳಿ."