ಗ್ರಾಮಫೋನಿಗೆ ಬೆಲ್ಲ-ನೀರು

ನನ್ನ ಸೋದರಮಾವನಿಗೆ ಗ್ರಾಮಫೋನಿನೊಟ್ಟಿಗೆ ದಿನಾ ಜಗಳ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನನಗೇನು! ಕುಂಬ್ರದಲ್ಲಿ ಮಾರ್ಗದ ಬದಿಗಿದ್ದ ಅವರ ಮನೆಯೆದುರು ಬಸ್ಸಿಗೆ ಕಾದವರನ್ನು ಕೇಳಿದ್ದರೆ ಸಾಕಿತ್ತು. ಅರುವತ್ತರ ಇಸವಿಯ ಆಚೀಚೆಯ ಮಾತು ಇದು.

ಇದ್ದದ್ದು ಒಂದೇ ಪ್ಲೇಟು. ಪಿಟೀಲಿನಲ್ಲಿ ಹೆಸರು ಮಾಡಿದ ಹಿರಿಯ ವಿದ್ವಾಂಸರೊಬ್ಬರು ಕಟ್ಟಿದ ಕೀರ್ತನೆ. ಅವರು ತೀರಿಕೊಂಡ ಮೇಲೆ ಹೊಸ ಕಾಲದ ಹುಡುಗನೊಬ್ಬ ಬಾರಿಸಿದ್ದು. ಮಾವ ಎಳವೆಯಲ್ಲಿ ಆ ವಿದ್ವಾಂಸರ ಮನೆಯಲ್ಲೇ ಇದ್ದು ಕಲಿತವರು. ಆದರೆ ಅತ್ತೆ ಹೋದ ಮೇಲೆ ತಮ್ಮ ಪಿಟೀಲಿನ ಪೆಟ್ಟಿಗೆ ಮುಚ್ಚಿದವರು ಪುನಃ ತೆರೆದಿರಲಿಲ್ಲ. ಮಕ್ಕಳೂ ಇಲ್ಲ. ಆ ಮನೆಯಲ್ಲಿ ಮಾತಾಡುವುದಾದರೆ ಪ್ಲೇಟಿನ ಹತ್ತಿರವೇ ಮಾತಾಡಬೇಕು.

ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಕ್ರಮ. ಮಾವ ಅದನ್ನು ಗ್ರಾಮಫೋನಿಗೂ ಇಡುತ್ತಿದ್ದರು!

“ಎಂತ ಮಾವ ಇದು?”

“ಅಷ್ಟು ದೊಡ್ಡ ಕೀರ್ತನೆ ಹೊತ್ತುಕೊಂಡು ಮದ್ರಾಸಿನಿಂದ ಬಂದಿದ್ದಾನೆ. ಬಾಯಾರಿಕೆ ಆಗುದಿಲ್ವಾ?”

ಹುಡುಗನಿಗೆ ಬಾಯಾರಿತೋ ಗೊತ್ತಿಲ್ಲ, ಇರುವೆಗಳಿಗಂತೂ ಹಸಿವಾಯಿತು. ಬೆಲ್ಲ ಮುಗಿಸಿ ಅವು ಯಂತ್ರದ ಒಳಗೇ ಬಿಡಾರ ಹೂಡಿದವು. ಮಾವ ಸ್ಕ್ರೂ ಬಿಚ್ಚಿ, ತೆಂಗಿನ ಗರಿಯ ಹಿಡಿಸೂಡಿಯ ಕಡ್ಡಿಯಿಂದ ಒಂದೊಂದನ್ನೇ ಹೊರಗೆ ಕಳಿಸಿದರು. ಮರುದಿನ ಪುನಃ ಬೆಲ್ಲ! ಈ ಸಲ ನೀರು ತುಂಬಿದ ತಟ್ಟೆಯ ನಡುವೆ.

ಜಗಳ ಶುರುವಾಗುವುದು ಚರಣದಲ್ಲಿ. ಹುಡುಗ ಅಲ್ಲಿ ಸ್ವಲ್ಪ ಓಡುತ್ತಿದ್ದ. ಮಾವ ತೊಡೆ ತಟ್ಟಿ ಗದರುವರು: “ಅವಸರ ಎಂತಕ್ಕೆ? ಬಸ್ಸು ಹಿಡೀಲಿಕ್ಕುಂಟಾ?” ಹೊರಗೆ ನಿಜವಾಗಿಯೂ ಬಸ್ಸು ಹಿಡಿಯಲಿಕ್ಕಿದ್ದವರು ಬೆಚ್ಚಿ ತಿರುಗಿ ನೋಡುವರು.

ನನಗೆ ಪಾಪ ಕಂಡಿತು. ಒಬ್ಬರೇ ಇರುವ ಮನುಷ್ಯ, ದಿನಾ ಹೀಗೆ ಬೈದುಕೊಂಡು ಕೂತರೆ ಹೇಗೆ? ಒಂದು ರಜೆಯಲ್ಲಿ ಹೋದಾಗ ಗ್ರಾಮಫೋನಿನ ವೇಗದ ಕಡ್ಡಿಯನ್ನು ಗುಟ್ಟಿನಲ್ಲಿ ಒಂಚೂರು ಹಿಂದೆ ಜಾರಿಸಿದೆ. ಚರಣ ಬಂತು. ಹುಡುಗ ಊಟವಾದ ಮೇಲೆ ನಡೆದುಬರುವವನ ಹಾಗೆ ನಿಧಾನಕ್ಕೆ ಬಂದ. ಶ್ರುತಿಯೂ ಅವನೊಟ್ಟಿಗೆ ಕೆಳಗಿಳಿಯಿತು. ಗದರಲಿಕ್ಕೆಂದು ಎತ್ತಿದ ಮಾವನ ಕೈ ಹಾಗೇ ಉಳಿಯಿತು. ಮುಖ ಸಣ್ಣದಾಯಿತು.

“ನೀನು ಎಂತ ಮಾಡಿದ್ದು ಮಾರಾಯ್ತಿ?”

“ಅವಸರ ಕಡಿಮೆ ಮಾಡಿದ್ದು ಮಾವ.”

“ಅವ ಸರಿಯೇ ಇದ್ದ. ಚರಣ ಬಂದರೆ ನಾನೂ ಹಾಗೇ ಓಡುದು. ವಿದ್ವಾಂಸರು ಬೈದರೂ ಹೋಗದ ಚಾಳಿ. ನಿನ್ನ ಅತ್ತೆ ಅಡುಗೆಮನೆಯಿಂದ ಕೂಗ್ತಿದ್ದಳು, ಅವಸರ ಎಂತಕ್ಕೆ, ಬಸ್ಸು ಹಿಡೀಲಿಕ್ಕುಂಟಾ ಅಂತ. ಈಗ ಅದನ್ನು ಹೇಳುವವರು ಯಾರೂ ಇಲ್ಲ. ಹಾಗೆ ನಾನೇ ಹೇಳುದು.”

ನನಗೆ ಅಳು ಬಂತು. ಕಡ್ಡಿಯನ್ನು ಮುಂಚಿನ ಜಾಗಕ್ಕೇ ತಂದೆ, ಆದರೆ ಪ್ಲೇಟು ಹಾಕಲಿಲ್ಲ. ಅಟ್ಟದಿಂದ ಪಿಟೀಲಿನ ಪೆಟ್ಟಿಗೆ ಇಳಿಸಿ ಅವರೆದುರು ಇಟ್ಟೆ. ಪಕ್ಕದಲ್ಲಿ ಬೆಲ್ಲ-ನೀರನ್ನೂ ಇಟ್ಟೆ. ಮಾವ ಪೆಟ್ಟಿಗೆಯ ಧೂಳು ಒರೆಸಿದರು. ಆಮೇಲೆ ನೀರು ಕುಡಿದು, ತಂತಿ ಬಿಗಿಮಾಡಿ, ಅದೇ ಕೀರ್ತನೆ ಎತ್ತಿಕೊಂಡರು. ನಾನು ಎದ್ದು ಅಡುಗೆಮನೆಗೆ ಹೋದೆ. ಚರಣ ಬಂತು. ಮಾವ ಓಡಿದರು.

“ಅವಸರ ಎಂತಕ್ಕೆ ಮಾವ? ಬಸ್ಸು ಹಿಡೀಲಿಕ್ಕುಂಟಾ?”

ಕಮಾನು ನಿಂತಿತು. ನಾನು ಬೈಗುಳಕ್ಕೆ ಕಾದೆ.

“ಇನ್ನೊಮ್ಮೆ ಹೇಳು,” ಎಂದರು. “ಮಾವ ಅನ್ನಬೇಡ.”