ಅಕ್ಕನ ಕಾರಿನ ಇನ್ನೂರ ಎಂಬತ್ತು

ದುಬೈಯಲ್ಲಿ ಗರ್ಭಪಾತದ ವಿರುದ್ಧ ಪ್ರಚಾರ ಮಾಡುವ ಏಕೈಕ ಕಾರು ನಮ್ಮಕ್ಕನದು. ನಗಬೇಡಿ! ಓಡಿಸುವವಳೂ ಅವಳೇ, ಭಾಷಣ ಬಿಗಿಯುವವಳೂ ಅವಳೇ. ಎರಡನ್ನೂ ಒಟ್ಟಿಗೇ ಮಾಡುವುದರಿಂದ ಮೂರು ಸಲ ಬಂಪರ್ ಬದಲಾಗಿದೆ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ಮದುವೆಯ ಗೊಡವೆಗೆ ಹೋಗದೆ, ಹೆರಿಗೆ ವಾರ್ಡಿನ ನರ್ಸಾಗಿ ಮೂವತ್ತು ವರ್ಷ ಕಳೆದವಳು. ಅಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ತಾನೇ ಹೆತ್ತವಳಂತೆ ಆಡುತ್ತಾಳೆ. ಅವಳ ಜೊತೆ ಕೆಲಸದಲ್ಲಿದ್ದ ಗೆಳತಿಯೊಬ್ಬಳು ಅಮೆರಿಕಕ್ಕೆ ಹೋಗಿ, ಅಲ್ಲಿಂದ ತನ್ನ ಕಾರಿನ ಫೋಟೋ ಕಳಿಸಿದ್ದೇ ಎಲ್ಲಕ್ಕೂ ಮೂಲ. ನಂಬರ್ ಪ್ಲೇಟಿನ ಮೇಲೆ 'ಜೀವವನ್ನೇ ಆರಿಸಿಕೊಳ್ಳಿ' ಎಂದು ಸರಕಾರವೇ ಅಚ್ಚು ಹಾಕಿ ಕೊಟ್ಟಿದೆ! 'ಆಯ್ಕೆ ಹೆಣ್ಣಿನದು' ಎನ್ನುವವರು ತಮಗೂ ಒಂದು ಪ್ಲೇಟು ಬೇಕೆಂದು ಕೋರ್ಟು ಹತ್ತುತ್ತಾರಂತೆ. ಅಕ್ಕ ಮರುದಿನವೇ ಇಲ್ಲಿ ನಂಬರ್ ಪ್ಲೇಟು ಕೊಡುವ ಕೌಂಟರಿನ ಮುಂದೆ ಹೋಗಿ ಕುಳಿತಳು.

"ಸ್ಲೋಗನ್ ಮಾಫಿ, ಮೇಡಂ. ಓನ್ಲಿ ನಂಬರ್," ಎಂದನಂತೆ ಗುಮಾಸ್ತ. ಮಾಫಿ ಎಂದರೆ ಇಲ್ಲಿನ ಅರಬ್ಬಿಯಲ್ಲಿ 'ಇಲ್ಲ' ಎಂದು.

ಇನ್ನೊಬ್ಬರಾಗಿದ್ದರೆ ಖಲಾಸ್ ಎಂದು ಮನೆಗೆ ಬರುತ್ತಿದ್ದರು. ಅಕ್ಕ ಹುಡುಕಿ ಹುಡುಕಿ, ಕೊನೆಗೆ 280 ಬರುವ ಐದಂಕಿಯ ನಂಬರು ಹಿಡಿದು ತಂದಳು. ಮಗು ತಾಯಿಯ ಹೊಟ್ಟೆಯಲ್ಲಿರುವುದು ಇನ್ನೂರ ಎಂಬತ್ತು ದಿನವಲ್ಲವೇ? ಅಂಕಿ ಕಡಿಮೆಯಾದಷ್ಟೂ ಅಂತಸ್ತು ಹೆಚ್ಚು ಎನ್ನುವ ಈ ಊರಿನಲ್ಲಿ ಐದಂಕಿಗೆ ಇಷ್ಟು ಮೆರೆದವರು ಇನ್ನೊಬ್ಬರಿಲ್ಲ.

ಆದರೆ ನಂಬರಿಗೆ ಬಾಯಿಲ್ಲವಲ್ಲ! ಆ ಕೊರತೆಯನ್ನು ಅಕ್ಕ ತುಂಬಿದಳು. ಪೆಟ್ರೋಲ್ ಬಂಕಿನಲ್ಲಿ ಗಾಜು ಇಳಿಸಿ, ಪೈಪು ಹಿಡಿದವನಿಗೆ ಹರುಕುಮುರುಕು ಹಿಂದಿಯಲ್ಲಿ ಹೊಟ್ಟೆ, ಮಗು, ಇನ್ನೂರ ಎಂಬತ್ತು ದಿನ ಎಂದು ವಿವರಿಸಿದಳು. ಅವನು ಕೈ ಒರೆಸಿಕೊಂಡು ಬಂದು, "ಮುಬಾರಕ್ ಹೋ, ಮೇಡಂ!" ಎಂದ. ಅಕ್ಕನಿಗೆ ಆಗ ಐವತ್ತನಾಲ್ಕು!

ಅಲ್ ಕೂಜ್‌ನ ಗ್ಯಾರೇಜಿನಲ್ಲಿ ಬ್ಯಾರಿ ಮೆಕ್ಯಾನಿಕ್ ಒಬ್ಬರಿದ್ದಾರೆ, ಉಳ್ಳಾಲದ ಕಡೆಯವರು. ಮೂರನೆಯ ಬಂಪರ್ ಹಾಕುತ್ತಾ ಭಾಷಣವನ್ನೆಲ್ಲ ಕೇಳಿ, "ಅದೆಲ್ಲ ಸರಿ ಅಕ್ಕ, ಹುಟ್ಟದವರದ್ದು ಆಮೇಲೆ ನೋಡುವ. ಹುಟ್ಟಿದವರು ರಸ್ತೆಯಲ್ಲಿ ಉಂಟಲ್ಲ, ಅವರಿಗೋಸ್ಕರ ಸ್ವಲ್ಪ ಮೆಲ್ಲ ಬಿಡಿ," ಎಂದರು. ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ನನಗೆ ಮಾತ್ರ ನಗು ಬರಲಿಲ್ಲ. ನಿಜ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು! ನನ್ನ ಗಂಡನಿಗೆ ನಮ್ಮ ಕಾರಿನ ನಂಬರು ನೆನಪಿರುವುದಿಲ್ಲ, ಅಕ್ಕನದು ಬಾಯಿಪಾಠ. ಚರ್ಚಿನ ಪಾರ್ಕಿಂಗಿನಲ್ಲಿ ಜನ ಅವಳ ಕಾರಿನ ಸುತ್ತ, ನಾನು ಸಮೋಸದ ತಟ್ಟೆ ಹಿಡಿದು ಒಬ್ಬಳೇ. ಸಾಲದ್ದಕ್ಕೆ ನನ್ನ ಮಗಳು, "ಮಮ್ಮಿ, ಆಂಟಿಯ ನಂಬರ್ ಹ್ಯಾಸ್ ಎ ಮೀನಿಂಗ್. ವಾಟ್ ಡಸ್ ಅವರ್ಸ್ ಮೀನ್?" ಎಂದು ಕೇಳಿದಳು. "ಸುಮ್ಮನೆ ಕುಳಿತುಕೊಳ್ಳುವುದು ಅಂತ ಮೀನಿಂಗ್," ಎಂದು ಗದರಿದೆ.

ಹೋದ ತಿಂಗಳು ಒಂದು ನಾಮಕರಣಕ್ಕೆಂದು ನಾವಿಬ್ಬರೇ ಅಬುಧಾಬಿಗೆ ಹೊರಟಿದ್ದೆವು. ಸ್ಟಿಯರಿಂಗು ಅಕ್ಕನದು, ಮಾತೂ ಅಕ್ಕನದು.

"ನೀನೂ ಇಂಥದ್ದೊಂದು ನಂಬರ್ ತಗೋ ಮಾರಾಯ್ತಿ. ಎರಡು ಕಾರಾದರೆ ಮೆರವಣಿಗೆಯ ಹಾಗೆ ಕಾಣ್ತದೆ."

"ನನಗೆ ಬೇಡ."

"ಎಂತಕ್ಕೆ ಬೇಡ? ನಿನಗೆ ಎಂತ ಕಷ್ಟ?"

ಹದಿನಾರು ವರ್ಷ ಯಾರಿಗೂ ಹೇಳದ್ದು ಅಲ್ಲಿ ಬಾಯಿಗೆ ಬಂದುಬಿಟ್ಟಿತು. ಮಗಳು ಹುಟ್ಟುವ ಮೊದಲು ಇನ್ನೊಂದಿತ್ತು. ಐದನೇ ತಿಂಗಳ ಸ್ಕ್ಯಾನಿನಲ್ಲಿ ತಲೆಬುರುಡೆಯೇ ಬೆಳೆದಿಲ್ಲ ಎಂದರು, ಹುಟ್ಟಿದರೂ ಉಳಿಯುವುದಿಲ್ಲ ಎಂದರು. ಗಂಡನಿಗೆ ರಜೆ ಸಿಗಲಿಲ್ಲ. ಊರಿಗೆ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆಂದು ಬೆಂಗಳೂರಿನ ಆಸ್ಪತ್ರೆಗೆ ಹೋದೆ. ಎಲ್ಲರಿಗೂ, ಅಕ್ಕನಿಗೂ, ಅದಾಗಿಯೇ ಹೋಯಿತು ಎಂದೆ. ಅದು ಅದಾಗಿ ಹೋದದ್ದಲ್ಲ. ನಾನು ಸಹಿ ಹಾಕಿದ್ದೆ.

"ನೀನು ಆ ಲೆಕ್ಕ ಹೇಳಿದಾಗೆಲ್ಲ ನನಗೆ ನನ್ನ ಲೆಕ್ಕ ನೆನಪಾಗ್ತದೆ ಅಕ್ಕ. ನೂರ ಮೂವತ್ತೆರಡು ದಿನ," ಎಂದೆ. "ನಿನಗೆ ಮುಚ್ಚಿಡಲಿಕ್ಕೆ ಎಂತದೂ ಇಲ್ಲ. ಊರಿಡೀ ಹೇಳಿಕೊಂಡು ತಿರುಗ್ತಿ. ನನ್ನ ಹೊಟ್ಟೆಕಿಚ್ಚು ಅದಕ್ಕೇ."

ಅಕ್ಕ ಇಂಡಿಕೇಟರ್ ಹಾಕಿದಳು. ಪೆಟ್ರೋಲ್ ಬಂಕಿನ ಅಂಗಳಕ್ಕೆ ಬಂದು ಕಾರು ನಿಲ್ಲಿಸಿದಳು. ಬೈಗುಳ ಬರುತ್ತದೆ, ಇಲ್ಲವೇ ಜಪಮಾಲೆ ಹೊರಗೆ ಬರುತ್ತದೆ ಎಂದು ನಾನು ಸೆರಗು ಮುಖಕ್ಕೆ ಒತ್ತಿಕೊಂಡು ಕುಳಿತೆ. ಎರಡೂ ಬರಲಿಲ್ಲ.

"ಆಸ್ಪತ್ರೆಯಲ್ಲಿ ನಿನ್ನ ಹತ್ತಿರ ಯಾರಿದ್ದರು?" ಎಂದು ಕೇಳಿದಳು.

"ಯಾರೂ ಇರಲಿಲ್ಲ."

"ಯಾರೂ?"

ತಲೆಯಾಡಿಸಿದೆ. ಅಕ್ಕ ಸೀಟ್‌ಬೆಲ್ಟ್ ಬಿಚ್ಚಿ ನನ್ನ ಕಡೆಗೆ ಪೂರ್ತಿ ತಿರುಗಿದಳು. ಮೂವತ್ತು ವರ್ಷ ಅದೆಷ್ಟೋ ಬಾಣಂತಿಯರನ್ನು ಎತ್ತಿ ಕೂರಿಸಿದ ಕೈಗಳಿಂದ ನನ್ನ ಎರಡೂ ಕೈ ಹಿಡಿದುಕೊಂಡಳು.

"ನನಗೆ ಫೋನ್ ಮಾಡಬೇಕಿತ್ತು ನೀನು. ಬೈತಿದ್ದೆ. ದಾರಿಯುದ್ದಕ್ಕೂ ಬೈತಿದ್ದೆ," ಎಂದಳು. "ಆದರೆ ಬರ್ತಿದ್ದೆ, ಮಾರಾಯ್ತಿ."